ಅಂಚೆಯಲ್ಲಿ ಬರುವ ದೀರ್ಘಾಯುಷಿ: ಸಿಬಿ1370 ಹುಳು ತರಿಸುವವರಿಗೆ

ಉದ್ದ ಒಂದು ಮಿಲಿಮೀಟರ್. ಬರಿಗಣ್ಣಿಗೆ ಅಗಾರ್ ಎಂಬ ಜೆಲ್ಲಿಯ ಮೇಲೆ ಬಿದ್ದ ಬಿಳಿ ನೂಲಿನ ತುಣುಕು. ಕ್ಯಾಟಲಾಗಿನಲ್ಲಿ ಹೆಸರು ಸಿಬಿ1370. ಜಾತಿ ಸೀನೊರ್ಹಾಬ್ಡೈಟಿಸ್ ಎಲೆಗನ್ಸ್, ಡಾಫ್-2 ಎಂಬ ಜೀನಿನಲ್ಲಿ ಇ1370 ಎಂಬ ಒಂದಕ್ಷರದ ಬದಲಾವಣೆ. ಇದನ್ನು ಕಾಪಿಟ್ಟು ಹಂಚುವುದು ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿರುವ ಸೀನೊರ್ಹಾಬ್ಡೈಟಿಸ್ ಜೆನೆಟಿಕ್ಸ್ ಸೆಂಟರ್. ಹುಳುವಿನ ಲ್ಯಾಬುಗಳಲ್ಲಿ ಎಲ್ಲರ ಬಾಯಲ್ಲೂ ಅದು ಸಿಜಿಸಿ. 20 ಸಾವಿರಕ್ಕೂ ಹೆಚ್ಚು ಬಗೆಯ ಹುಳುಗಳು ಅಲ್ಲಿನ ಫ್ರೀಜರುಗಳಲ್ಲಿವೆ.

ಮುಪ್ಪಿನ ತಳಿಶಾಸ್ತ್ರವನ್ನು ಓದುವುದಷ್ಟೇ ಅಲ್ಲ, ಕೈಯಾರೆ ಮಾಡಿ ನೋಡಬೇಕು ಅನ್ನುವವರಿಗೆ ಇದಕ್ಕಿಂತ ಅಗ್ಗದ ಸರಕು ಸಿಗುವುದು ಕಷ್ಟ. ಆದರೆ ಪಾರ್ಸೆಲಿನಲ್ಲಿ ಬರುವುದು ಜೀನು, ಆಯಸ್ಸಲ್ಲ. ‘ಎರಡು ಪಟ್ಟು ಬದುಕುವ ಹುಳು’ ಎಂಬ ಖ್ಯಾತಿ ನಿಜವಾಗಬೇಕಾದರೆ ಇನ್‌ಕ್ಯುಬೇಟರ್, ಬ್ಯಾಕ್ಟೀರಿಯ ಮತ್ತು ಎಣಿಸುವವರ ತಾಳ್ಮೆ ಮೂರೂ ನೆಟ್ಟಗಿರಬೇಕು.

ಖ್ಯಾತಿ ಬಂದದ್ದು 1993ರಲ್ಲಿ. ಸ್ಯಾನ್ ಫ್ರಾನ್ಸಿಸ್ಕೊದ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದಲ್ಲಿದ್ದ ಅಣುಜೀವಶಾಸ್ತ್ರಜ್ಞೆ ಸಿಂಥಿಯಾ ಕೆನ್ಯನ್ ತಮ್ಮ ತಂಡದೊಡನೆ ನೇಚರ್ ಪತ್ರಿಕೆಯಲ್ಲಿ ಒಂದು ವರದಿ ಬರೆದರು: ಡಾಫ್-2 ಕೆಟ್ಟ ಹುಳುಗಳು ಮಾಮೂಲಿ ಹುಳುಗಳ ಎರಡು ಪಟ್ಟಿಗಿಂತ ಹೆಚ್ಚು ಕಾಲ ಬದುಕುತ್ತವೆ, ಡಾಫ್-16 ಎಂಬ ಇನ್ನೊಂದು ಜೀನನ್ನೂ ಕೆಡಿಸಿದರೆ ಆ ಹೆಚ್ಚುವರಿ ಆಯಸ್ಸು ಮಾಯವಾಗುತ್ತದೆ. ತಳಿವಿಜ್ಞಾನಿ ಟಾಮ್ ಜಾನ್ಸನ್ ಅದಕ್ಕೂ ಐದು ವರ್ಷ ಮುಂಚೆಯೇ, 1988ರಲ್ಲಿ, ಏಜ್-1 ಜೀನಿನ ದೀರ್ಘಾಯುಷಿ ಹುಳುಗಳನ್ನು ವರದಿ ಮಾಡಿದ್ದರು. ಆಗ ನಂಬಿದವರು ಕಡಿಮೆ, ಮುಪ್ಪು ಎಂದರೆ ಸವೆತ, ಅದಕ್ಕೆ ಜೀನಿನ ಹಿಡಿತ ಎಲ್ಲಿಂದ ಬಂತು ಎನ್ನುವವರೇ ಜಾಸ್ತಿ. 1997ರಲ್ಲಿ ತಳಿವಿಜ್ಞಾನಿ ಗ್ಯಾರಿ ರವ್‌ಕನ್ ಲ್ಯಾಬು ಡಾಫ್-2 ಎಂದರೆ ನಮ್ಮ ಇನ್ಸುಲಿನ್ ಮತ್ತು ಐಜಿಎಫ್-1 ಎಂಬ ಬೆಳವಣಿಗೆಯ ಹಾರ್ಮೋನುಗಳ ಸಂದೇಶ ಹಿಡಿಯುವ ರಿಸೆಪ್ಟರುಗಳ ದಾಯಾದಿ ಎಂದು ತೋರಿಸಿದ ಮೇಲೆ ಚರ್ಚೆಯ ಧಾಟಿಯೇ ಬದಲಾಯಿತು. ಅದೇ ವರ್ಷ ಡಾಫ್-16 ಬೇರೆ ಜೀನುಗಳನ್ನು ಚಾಲೂ ಮಾಡುವ ಫಾಕ್ಸೊ ಪ್ರೋಟೀನ್ ಕುಟುಂಬದ್ದು ಎಂಬುದೂ ಗೊತ್ತಾಯಿತು. ಇ1370 ಬದಲಾವಣೆ ಬೀಳುವುದು ಆ ರಿಸೆಪ್ಟರಿನ ಕೈನೇಸ್ ಭಾಗದಲ್ಲಿ, ಅಂದರೆ ಸಂದೇಶವನ್ನು ಕೋಶದೊಳಗೆ ದಾಟಿಸುವ ಭಾಗದಲ್ಲಿ.

ತರಿಸುವ ಮಾತಿಗೆ ಬರೋಣ. ಸಿಜಿಸಿಯಲ್ಲಿ ಲ್ಯಾಬಿನ ಹೆಸರು ನೋಂದಾಯಿಸಿ ಆರ್ಡರ್ ಮಾಡಬೇಕು. ವರ್ಷದ ಚಂದಾ, ಮೇಲೆ ಪ್ರತಿ ಸ್ಟ್ರೇನಿಗೆ, ಅಂದರೆ ಹುಳುವಿನ ಪ್ರತಿ ತಳಿಗೆ, ಸಣ್ಣ ಶುಲ್ಕ. ಇಲಿಯ ಮ್ಯುಟೆಂಟ್ (ಜೀನು ಬದಲಾದ ತಳಿ) ತರಿಸಿ ಗೊತ್ತಿರುವವರಿಗೆ ಇದು ಪುಕ್ಕಟೆಯೇ ಅನ್ನಿಸುತ್ತದೆ. ಸಿಬಿ1370 ಒಂದನ್ನೇ ತರಿಸಿದರೆ ಮಾತ್ರ ವ್ಯರ್ಥ. ಇಷ್ಟು ಜೊತೆಗಿರಲಿ: ಮಾಮೂಲಿ ಹುಳು ಎನ್2, ಡಾಫ್-16 ಇಲ್ಲದ ಸಿಎಫ್1038, ಎರಡೂ ಜೀನು ಕೆಟ್ಟ ಜೋಡಿ ಮ್ಯುಟೆಂಟ್ ಒಂದು, ಆಹಾರಕ್ಕೆ ಇ. ಕೋಲೈ ಓಪಿ50. ಕಣ್ಣಿಗೆ ಕಾಣುವ ಪಾಠ ಬೇಕಿದ್ದರೆ ಡಾಫ್-16 ಹಸಿರಾಗಿ ಹೊಳೆಯುವ ಟಿಜೆ356. ಹೆಸರಿನ ಮೊದಲ ಅಕ್ಷರಗಳೇ ಊರು ಹೇಳುತ್ತವೆ: ಸಿಬಿ ಎಂದರೆ ಈ ಹುಳುವನ್ನು ತಳಿಶಾಸ್ತ್ರಕ್ಕೆ ತಂದ ಸಿಡ್ನಿ ಬ್ರೆನರ್ ಕಾಲದ ಕೇಂಬ್ರಿಜ್ ಲ್ಯಾಬು, ಸಿಎಫ್ ಎಂದರೆ ಕೆನ್ಯನ್ ಲ್ಯಾಬು, ಟಿಜೆ ಎಂದರೆ ಟಾಮ್ ಜಾನ್ಸನ್.

ಪಕ್ಕದ ಲ್ಯಾಬಿನಲ್ಲಿ ಎನ್2 ಇದೆಯಲ್ಲ, ಅದಕ್ಯಾಕೆ ಮತ್ತೆ ದುಡ್ಡು ಅನ್ನಿಸುತ್ತದೆ. ಉಳಿಸಬೇಡಿ. ಬೇರೆ ಬೇರೆ ಲ್ಯಾಬುಗಳಲ್ಲಿ ವರ್ಷಗಟ್ಟಲೆ ಪ್ಲೇಟಿನಿಂದ ಪ್ಲೇಟಿಗೆ ದಾಟಿಸಿಕೊಂಡು ಬಂದ ಎನ್2ಗಳ ಆಯಸ್ಸೇ ಒಂದಕ್ಕೊಂದು ಹೊಂದುವುದಿಲ್ಲ. ಅಳತೆಗೋಲೇ ಗಿಡ್ಡವಾಗಿದ್ದರೆ ಎಲ್ಲ ಮ್ಯುಟೆಂಟುಗಳೂ ದೀರ್ಘಾಯುಷಿಗಳಾಗಿ ಕಾಣುತ್ತವೆ.

ಭಾರತಕ್ಕೆ ತರಿಸುವವರು ಟಿಜೆ356ನಂಥ ಹೊರಗಿನ ಜೀನು ಸೇರಿಸಿದ ಹುಳುಗಳಿಗೆ ಮೊದಲು ತಮ್ಮ ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿಯ ಬಾಗಿಲು ತಟ್ಟಬೇಕು. ಕಾಗದಪತ್ರ ಪಾರ್ಸೆಲ್ ಹೊರಡುವ ಮುಂಚೆಯೇ ತಯಾರಿರಲಿ. ಬೆಂಗಳೂರಿನ ಐಐಎಸ್‌ಸಿ, ಎನ್‌ಸಿಬಿಎಸ್‌ಗಳಲ್ಲಿ ಈ ಹುಳುವಿನ ಮೇಲೆ ಕೆಲಸ ಮಾಡಿದ ಲ್ಯಾಬುಗಳಿವೆ. ದಾರಿ ಗೊತ್ತಿರುವವರನ್ನು ಒಮ್ಮೆ ಕೇಳಿದರೆ ವಾರಗಟ್ಟಲೆ ಓಡಾಟ ಉಳಿಯುತ್ತದೆ.

ಪಾರ್ಸೆಲ್ ಬಿಚ್ಚಿದಾಗ ಗಾಬರಿಯಾಗುವುದು ಸಹಜ. ಪ್ಯಾರಾಫಿಲ್ಮ್ ಸುತ್ತಿದ ಪುಟ್ಟ ಪ್ಲೇಟಿನಲ್ಲಿ ಬ್ಯಾಕ್ಟೀರಿಯದ ಹಾಸು ಖಾಲಿ, ಹುಳುಗಳು ಸಣಕಲು, ಅಲ್ಲಾಡದೆ ನೇರವಾಗಿ ಮಲಗಿರುತ್ತವೆ. ಸತ್ತಿಲ್ಲ. ದಾರಿಯಲ್ಲಿ ಅನ್ನ ಮುಗಿದು ಡೌರ್ ಎಂಬ ತಡೆಹಿಡಿದ ಮರಿ ಹಂತಕ್ಕೆ ಹೋಗಿವೆ, ಹಾಗೆಯೇ ತಿಂಗಳುಗಟ್ಟಲೆ ಇರಬಲ್ಲವು. ಪ್ಲೇಟನ್ನು ಮೇಜಿಗೆ ಮೆಲ್ಲಗೆ ತಟ್ಟಿದರೆ ಒಂದೆರಡು ಸರಕ್ಕನೆ ಹರಿಯುತ್ತವೆ. ಬೆಂಕಿಯಲ್ಲಿ ಕಾಯಿಸಿ ಆರಿಸಿದ ಸ್ಪ್ಯಾಚುಲದಿಂದ ಅರ್ಧ ಸೆಂಟಿಮೀಟರ್ ಅಗಾರ್ ತುಂಡು ಕತ್ತರಿಸಿ ಹೊಸ ಓಪಿ50 ಪ್ಲೇಟಿನ ಮೇಲೆ ಕವುಚಿ ಹಾಕಿ, 15 ಡಿಗ್ರಿ ಸೆಲ್ಸಿಯಸ್‌ನಲ್ಲಿಡಿ. ಮೂಲ ಪ್ಲೇಟನ್ನು ಹೊಸ ಸಂತಾನ ಕಾಣುವವರೆಗೆ ಎಸೆಯಬೇಡಿ. ಬೂಷ್ಟು ಬಂದಿದ್ದರೆ ಮೊಟ್ಟೆ ತುಂಬಿದ ತಾಯಿ ಹುಳುಗಳು ಸಿಗುವವರೆಗೆ ಬೆಳೆಸಿ, ಬ್ಲೀಚ್ ಮತ್ತು ಸೋಡಿಯಂ ಹೈಡ್ರಾಕ್ಸೈಡ್ ಮಿಶ್ರಣದಲ್ಲಿ ಸುಮಾರು 5 ನಿಮಿಷ ಕರಗಿಸಿ. ತಾಯಿ ಕರಗುತ್ತದೆ, ಬೂಷ್ಟು ಸಾಯುತ್ತದೆ, ಚಿಪ್ಪಿನೊಳಗಿನ ಮೊಟ್ಟೆ ಉಳಿಯುತ್ತದೆ. ನಿಮಿಷ ಜಾಸ್ತಿಯಾದರೆ ಮೊಟ್ಟೆಯೂ ಹೋಯಿತು.

ಇಷ್ಟಾಗಿ ಎಡವುವುದು ಬಹುತೇಕ ಉಷ್ಣಾಂಶದಲ್ಲಿ. ಇ1370 ತಾಪಸೂಕ್ಷ್ಮ ಮ್ಯುಟೆಂಟ್. 15 ಡಿಗ್ರಿಯಲ್ಲಿ ಮರಿಗಳು ನೆಟ್ಟಗೆ ಬೆಳೆದು ಮೊಟ್ಟೆಯಿಡುತ್ತವೆ. 25 ಡಿಗ್ರಿಯಲ್ಲಿ ಮೊಟ್ಟೆಯೊಡೆದ ಮರಿಗಳೆಲ್ಲ ಹೊಟ್ಟೆ ತುಂಬ ಆಹಾರವಿದ್ದರೂ ಡೌರ್ ಆಗಿ ನಿಂತುಬಿಡುತ್ತವೆ, ವಯಸ್ಕ ಹುಳುವೇ ಸಿಗುವುದಿಲ್ಲ. ‘ಸ್ಟ್ರೇನ್ ಸತ್ತಿದೆ’ ಎನ್ನುವ ದೂರುಗಳಲ್ಲಿ ಎಷ್ಟೋ ಇದೇ ಕಥೆ. ಸಾಕುವುದೆಲ್ಲ 15ರಲ್ಲಿ, ಆಯಸ್ಸು ಅಳೆಯುವುದು 20ರಲ್ಲಿ. ಎಲ್4 ಎಂಬ ಕೊನೆಯ ಮರಿ ಹಂತ ಮುಟ್ಟಿದ ಮೇಲೆಯೇ ಬದಲಿಸಿ, ಅಷ್ಟರಲ್ಲಿ ಡೌರ್ ಆಗುವ ಘಳಿಗೆ ಕಳೆದಿರುತ್ತದೆ. ಎನ್2 ಹುಳುಗಳನ್ನೂ ಅದೇ ದಾರಿಯಲ್ಲಿ, ಅದೇ ಹೊತ್ತಿಗೆ ತರಬೇಕು. ಒಂದನ್ನು 15ರಲ್ಲಿ, ಇನ್ನೊಂದನ್ನು 20ರಲ್ಲಿ ಬೆಳೆಸಿ ಹೋಲಿಸಿದರೆ ಅಳೆದದ್ದು ಜೀನನ್ನಲ್ಲ, ಇನ್‌ಕ್ಯುಬೇಟರನ್ನು.

ಬರೀ ಬಿಸಿ ಮಾಡುವ ಬ್ಯಾಕ್ಟೀರಿಯಾಲಜಿ ಇನ್‌ಕ್ಯುಬೇಟರ್ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ತಂಪೂ ಮಾಡುವ ಬಿಓಡಿ ಇನ್‌ಕ್ಯುಬೇಟರ್ ಬೇಕು, ಅದರೊಳಗೆ ಬೇರೆಯದೇ ಥರ್ಮಾಮೀಟರ್ ಇರಬೇಕು. ಮುಂದಿನ ಡಿಸ್‌ಪ್ಲೇ ತೋರಿಸುವುದು ಶಾಖ ಅಳೆಯುವ ಸೆನ್ಸರ್ ಇರುವ ಜಾಗದ ಶಾಖ, ಮೇಲಿನ ತಟ್ಟೆಯದ್ದಲ್ಲ. ಬೆಂಗಳೂರು ತಂಪಾದ ಊರು ಎಂಬ ನಂಬಿಕೆಯಲ್ಲಿ ಪ್ಲೇಟುಗಳನ್ನು ಮೇಜಿನ ಮೇಲಿಟ್ಟವರಿಗೆ ಏಪ್ರಿಲ್ ಬಂದಾಗ ಡೌರ್ ಎಂದರೇನೆಂದು ಚೆನ್ನಾಗಿ ಅರ್ಥವಾಗುತ್ತದೆ.

ಪ್ಲೇಟಿನ ಮಾಧ್ಯಮ ಎನ್‌ಜಿಎಂ. ಒಂದು ಲೀಟರಿಗೆ ಉಪ್ಪು 3 ಗ್ರಾಂ, ಪೆಪ್ಟೋನ್ 2.5 ಗ್ರಾಂ, ಅಗಾರ್ 17 ಗ್ರಾಂ, ನೀರು 975 ಮಿ.ಲೀ. ಆಟೋಕ್ಲೇವ್ ಆದ ಮೇಲೆ 55 ಡಿಗ್ರಿಗೆ ಇಳಿಯಲಿ. ಆಮೇಲೆ ಒಂದೊಂದಾಗಿ, ಪ್ರತಿ ಸಲ ಚೆನ್ನಾಗಿ ಕಲಕುತ್ತ: 1 ಮೋಲಾರ್ ಕ್ಯಾಲ್ಸಿಯಂ ಕ್ಲೋರೈಡ್ 1 ಮಿ.ಲೀ., ಎಥನಾಲಿನಲ್ಲಿ ಕರಗಿಸಿದ ಕೊಲೆಸ್ಟರಾಲ್ (ಮಿ.ಲೀ.ಗೆ 5 ಮಿ.ಗ್ರಾಂ) 1 ಮಿ.ಲೀ., 1 ಮೋಲಾರ್ ಮೆಗ್ನೀಶಿಯಂ ಸಲ್ಫೇಟ್ 1 ಮಿ.ಲೀ., ಕೊನೆಗೆ ಪಿಎಚ್ 6.0ರ 1 ಮೋಲಾರ್ ಪೊಟ್ಯಾಶಿಯಂ ಫಾಸ್ಫೇಟ್ 25 ಮಿ.ಲೀ. ಕಲಕದೆ ಒಟ್ಟಿಗೆ ಸುರಿದರೆ ಕ್ಯಾಲ್ಸಿಯಂ ಫಾಸ್ಫೇಟ್ ಮೊಸರಿನಂತೆ ಒಡೆದು ತಳ ಸೇರುತ್ತದೆ. ಕೊಲೆಸ್ಟರಾಲ್ ಬಿಟ್ಟುಹೋದರೆ ಮೊದಲ ಪೀಳಿಗೆಯಲ್ಲಿ ಏನೂ ಗೊತ್ತಾಗದೆ ಮುಂದಿನದರಲ್ಲಿ ಹುಳುಗಳು ಸೊರಗುತ್ತವೆ, ಏಕೆಂದರೆ ಇವು ಸ್ಟೆರಾಲನ್ನು ತಾವೇ ತಯಾರಿಸಿಕೊಳ್ಳಲಾರವು. 60 ಮಿ.ಮೀ. ಪ್ಲೇಟಿಗೆ 10 ಮಿ.ಲೀ. ಹಿಡಿಸುತ್ತದೆ. ಎರಡು ದಿನ ಒಣಗಿಸಿ, ನಡುವೆ ಮಾತ್ರ ಓಪಿ50 ಹನಿಸಿ. ಅಂಚಿನವರೆಗೆ ಹರಡಿದರೆ ಹುಳುಗಳು ಗೋಡೆ ಹತ್ತಿ ಒಣಗಿ ಸಾಯುತ್ತವೆ.

ಬ್ಯಾಕ್ಟೀರಿಯ ಇಲ್ಲಿ ಬರೀ ಅನ್ನವಲ್ಲ, ಅದೇ ಕೊಲೆಗಾರನೂ ಹೌದು. ಮುದಿ ಹುಳುವಿನ ಗಂಟಲಿನಲ್ಲಿ ಓಪಿ50 ತುಂಬಿ ಬೆಳೆಯುವುದು ಸಾವಿಗೆ ಒಂದು ಕಾರಣ ಎಂದು ಕೆನ್ಯನ್ ಲ್ಯಾಬೇ 2002ರಲ್ಲಿ ತೋರಿಸಿತು. ಬ್ಯಾಕ್ಟೀರಿಯವನ್ನು ಕೊಂದು ಉಣಿಸಿದರೆ ಎನ್2 ಕೂಡ ಹೆಚ್ಚು ದಿನ ಬದುಕುತ್ತದೆ. ಹೀಗಾಗಿ ಒಂದು ಬ್ಯಾಚಿಗೆ ಹಳೆಯ ದಪ್ಪ ಹಾಸು, ಇನ್ನೊಂದಕ್ಕೆ ನಿನ್ನೆಯ ತೆಳು ಹಾಸು ಕೊಟ್ಟು ಹೋಲಿಸುವ ಹಾಗಿಲ್ಲ.

ಇನ್ನು ಔಟ್‌ಕ್ರಾಸ್, ಅಂದರೆ ಮ್ಯುಟೆಂಟನ್ನು ಎನ್2 ಜೊತೆ ಮತ್ತೆ ಮತ್ತೆ ಕೂಡಿಸಿ ಹಿನ್ನೆಲೆಯ ಬೇರೆ ಬದಲಾವಣೆಗಳನ್ನು ತೊಳೆಯುವುದು. ಬಹಳ ಜನ ಬಿಟ್ಟುಬಿಡುವ ಕೆಲಸ ಇದು, ಬಿಟ್ಟರೆ ಆಗುವ ಅನಾಹುತಕ್ಕೆ ಈ ಕ್ಷೇತ್ರದಲ್ಲೇ ದೊಡ್ಡ ಉದಾಹರಣೆಯಿದೆ. ಸರ್-2.1 ಜೀನಿನ ಪ್ರತಿ ಹೆಚ್ಚಿಸಿದರೆ ಹುಳುವಿನ ಆಯಸ್ಸು ಬೆಳೆಯುತ್ತದೆಂದು 2001ರಲ್ಲಿ ಬಂದ ವರದಿ ಸರ್ಟುಯಿನ್ (ಸರ್-2.1 ಸೇರಿದ ಪ್ರೋಟೀನ್ ಕುಟುಂಬ) ಎಂಬ ಪದವನ್ನು ಮಾತ್ರೆ ಅಂಗಡಿಯವರೆಗೆ ಒಯ್ದಿತು. 2011ರಲ್ಲಿ ಅದೇ ಹುಳುವನ್ನು ಮತ್ತೆ ಮತ್ತೆ ಎನ್2 ಜೊತೆ ಕ್ರಾಸ್ ಮಾಡಿ ನೋಡಿದಾಗ ಹೆಚ್ಚುವರಿ ಆಯಸ್ಸು ಉಳಿಯಲಿಲ್ಲ. ಸಂವೇದನಾ ನರಗಳನ್ನು ಕೆಡಿಸುವ ಇನ್ನೊಂದು ಮ್ಯುಟೇಶನ್ ಹಿನ್ನೆಲೆಯಲ್ಲಿ ಅಡಗಿ ಕೂತಿತ್ತು. ರಾಸಾಯನಿಕ ಹಾಕಿ ಮ್ಯುಟೇಶನ್ ಮಾಡಿಸಿದ ಯಾವ ಹುಳುವಿಗೂ ಹೀಗೆ ಕರೆಯದೆ ಬಂದ ನೆಂಟರಿರುತ್ತಾರೆ.

ಸಿಬಿ1370 ವಿಷಯದಲ್ಲಿ ಔಟ್‌ಕ್ರಾಸ್ ಅಷ್ಟೇನೂ ಕಷ್ಟವಲ್ಲ, ಈ ಸ್ಟ್ರೇನಿನ ದೊಡ್ಡ ಅನುಕೂಲವೇ ಅದು. ಇ1370 ಒಂದಕ್ಷರದ ಬದಲಾವಣೆಯಾದ್ದರಿಂದ ಸಾದಾ ಪಿಸಿಆರ್ ಪಟ್ಟಿಯಲ್ಲಿ ವ್ಯತ್ಯಾಸ ಕಾಣದು, ಆದರೆ ಡೌರ್ ಗುಣವೇ ಗುರುತಿನ ಚೀಟಿ. ಎನ್2 ಎಲ್4ಗಳನ್ನು 30 ಡಿಗ್ರಿಯಲ್ಲಿ 4ರಿಂದ 6 ಗಂಟೆ ಇಟ್ಟು ಮರುಪೀಳಿಗೆಯಲ್ಲಿ ಗಂಡುಗಳನ್ನು ಹೆಕ್ಕಿ. ಅವನ್ನು ಗಂಡಿಲ್ಲದೆಯೂ ತಾವೇ ಮೊಟ್ಟೆಯಿಡಬಲ್ಲ ಸಿಬಿ1370 ಉಭಯಲಿಂಗಿಗಳ ಜೊತೆ ಚಿಕ್ಕ ಹಾಸಿನ ಮೇಲೆ ಬಿಡಿ. ಮರಿಗಳಲ್ಲಿ ಹತ್ತಿರಹತ್ತಿರ ಅರ್ಧ ಗಂಡು ಬಂದರೆ ಕೂಡಿಕೆ ಆಗಿದೆ ಎಂದರ್ಥ. ಆ ಪೀಳಿಗೆಯ ಉಭಯಲಿಂಗಿಯನ್ನು ಒಂಟಿಯಾಗಿಟ್ಟು, ಅದರ ಮೊಟ್ಟೆಗಳನ್ನು 25 ಡಿಗ್ರಿಯಲ್ಲಿ ಬೆಳೆಸಿ. ಕಾಲು ಭಾಗ ಡೌರ್ ಆಗುತ್ತವೆ. ಎಸ್‌ಡಿಎಸ್ ಎಂಬ ಮಾರ್ಜಕದ ಶೇ. 1 ದ್ರಾವಣದಲ್ಲಿ ಅರ್ಧ ಗಂಟೆ ಇಟ್ಟರೆ ಉಳಿದವೆಲ್ಲ ಸತ್ತು, ಬಾಯಿ ಮುಚ್ಚಿ ಗಟ್ಟಿ ಚರ್ಮ ಹೊದ್ದ ಡೌರ್‌ಗಳು ಮಾತ್ರ ಬದುಕುತ್ತವೆ. ತೊಳೆದು 15 ಡಿಗ್ರಿಗೆ ಹಾಕಿದರೆ ಎಚ್ಚರಗೊಂಡು ಬೆಳೆಯುತ್ತವೆ. ಇಷ್ಟು ಒಂದು ಸುತ್ತು, ಕನಿಷ್ಠ ನಾಲ್ಕಾದರೂ ಮಾಡಬೇಕು. ಅನ್ನ ಮುಗಿದ ಪ್ಲೇಟಿನಲ್ಲಿ ಎನ್2 ಕೂಡ ಡೌರ್ ಆಗುತ್ತದೆ ಎಂಬುದು ನೆನಪಿರಲಿ. ಹಾಸು ಖಾಲಿಯಾದ ಪ್ಲೇಟಿನಿಂದ ಹೆಕ್ಕಿದ ಡೌರ್ ಏನನ್ನೂ ಸಾಬೀತು ಮಾಡುವುದಿಲ್ಲ.

ಆಯಸ್ಸಿನ ಎಣಿಕೆಗೆ ಒಂದು ಸ್ಟ್ರೇನಿಗೆ 120 ಹುಳು ಇಟ್ಟುಕೊಳ್ಳಿ, ಆರು ಪ್ಲೇಟು, ತಲಾ ಇಪ್ಪತ್ತು. ಎಲ್4 ಗುರುತು ಸುಲಭ: ಹೊಟ್ಟೆಯ ನಡುವೆ ಬಿಳಿ ಅರ್ಧಚಂದ್ರ. ಮೊದಲ ಐದಾರು ದಿನ ಮೊಟ್ಟೆಯಿಡುವ ಕಾಲ. ತಾಯಿಯನ್ನು ದಿನವೂ ಹೊಸ ಪ್ಲೇಟಿಗೆ ದಾಟಿಸದಿದ್ದರೆ ಮೂರನೇ ದಿನಕ್ಕೆ ಯಾರು ತಾಯಿ, ಯಾರು ಮಗಳು ತಿಳಿಯದು. ದಾಟಿಸುವ ಪಿಕ್ ಪ್ಲಾಟಿನಂ ತಂತಿಯದ್ದು, ತುದಿಗೆ ಒಂದಿಷ್ಟು ಬ್ಯಾಕ್ಟೀರಿಯ ಅಂಟಿಸಿಕೊಂಡು ಹುಳುವಿನ ಬೆನ್ನ ಮೇಲೆ ಇಳಿಸಿದರೆ ತಾನೇ ಅಂಟಿಕೊಳ್ಳುತ್ತದೆ. ಅಡಿಯಿಂದ ಮೀಟಿ ಎತ್ತಿದರೆ ಅಗಾರ್ ತೂತಾಗುತ್ತದೆ, ಹುಳುಗಳು ಆ ತೂತಿನಲ್ಲಿ ಇಳಿದು ಕಣ್ಮರೆ.

ದಿನವೂ ದಾಟಿಸುವ ಕಷ್ಟ ಬೇಡವೆಂದು ಎಫ್‌ಯುಡಿಆರ್ ಎಂಬ ಔಷಧ ಹಾಕುವವರಿದ್ದಾರೆ. 50 ಮೈಕ್ರೋಮೋಲಾರ್ ಸಾಕು, ಅಂದರೆ ಲೀಟರಿಗೆ ಸುಮಾರು 12.3 ಮಿ.ಗ್ರಾಂ. ಡಿಎನ್‌ಎ ತಯಾರಿ ನಿಂತು ಮೊಟ್ಟೆಗಳು ಒಡೆಯುವುದಿಲ್ಲ. ಕ್ಯಾನ್ಸರ್ ಔಷಧ ಅದು, ಕೈಗವಸು ಬೇಕೇ ಬೇಕು. ನಮ್ಮ ಅಭಿಪ್ರಾಯದಲ್ಲಿ ತರಗತಿಗೆ ಅಡ್ಡಿಯಿಲ್ಲ, ಸಂಶೋಧನೆಗೆ ಬೇಡ. ಕೆಲವು ಮ್ಯುಟೆಂಟುಗಳ ಆಯಸ್ಸನ್ನು ಎಫ್‌ಯುಡಿಆರ್ ತಾನೇ ಹಿಗ್ಗಿಸುತ್ತದೆ. ಗ್ಯಾಸ್-1 ಎಂಬ ಜೀನು ಕೆಟ್ಟ ಹುಳುವಿನಲ್ಲಿ ಅದು ಎರಡು ಪಟ್ಟು. ಹಾಗಾದಾಗ ಫಲ ಜೀನಿನದೋ ಔಷಧದ್ದೋ ಬಿಡಿಸಲಾಗದು.

ಸಾವನ್ನು ತೀರ್ಮಾನಿಸುವುದು ತಂತಿಯ ತುದಿಯಿಂದ. ಮುಟ್ಟಿದರೂ ಅಲುಗದಿದ್ದರೆ ಸತ್ತಿದೆ ಎಂದು ನಿಯಮ. ಇ1370 ಇಲ್ಲೇ ಮೋಸ ಮಾಡುವುದು. ಡಾಫ್-2 ಮ್ಯುಟೇಶನ್‌ಗಳಲ್ಲಿ ಎರಡು ವರ್ಗಗಳುಂಟು, ಇದು ಎರಡನೆಯದು: ವಯಸ್ಸಾದಂತೆ ಚಲನೆ ಕಡಿಮೆ, ಪ್ಲೇಟಿನ ಮೇಲೆ ಹೆಣದ ಹಾಗೆ ಬಿದ್ದಿರುತ್ತದೆ. ಬಾಲಕ್ಕೊಮ್ಮೆ ತಟ್ಟಿ ಸತ್ತಿತು ಅಂತ ಬರೆದುಕೊಂಡರೆ ಬದುಕಿರುವ ಹುಳು ಕಸಕ್ಕೆ ಹೋಗುತ್ತದೆ. ಮೂತಿಯ ಪಕ್ಕ ಮೆಲ್ಲಗೆ ತಾಗಿಸಿ, ಕೈ ತೆಗೆದು ಹತ್ತು ಸೆಕೆಂಡು ಕಾಯಿರಿ. ಮೂತಿ ತುದಿ ಕೂದಲೆಳೆಯಷ್ಟು ಆಚೀಚೆ ಆದರೂ ಅದು ಬದುಕಿದೆ. ಗಂಟಲಿನ ಮಿಡಿತವನ್ನೂ ನೋಡಿ. ಹದಿನೈದನೇ ದಿನದ ಎನ್2 ಹುಳುವನ್ನು ಪಕ್ಕದಲ್ಲಿಟ್ಟರೆ ಅಂತರ ಕಣ್ಣಿಗೆ ಹೊಡೆಯುತ್ತದೆ: ಅದರ ಒಳಗೆಲ್ಲ ಗುಳಿ, ಕಲೆ, ಸುಕ್ಕು. ಅಲುಗದೆ ಬಿದ್ದ ಡಾಫ್-2 ಒಳಗೆ ಅಂಗಾಂಶಗಳ ಗೆರೆ ಇನ್ನೂ ಸ್ಪಷ್ಟ. ಈ ಮಂಪರು ಕಿರಿಕಿರಿ ಅನ್ನಿಸಿದರೆ ಮೊದಲ ವರ್ಗದ ಇ1368 ತರಿಸಿ. ಆಯಸ್ಸಿನ ಹೆಚ್ಚಳ ಅಷ್ಟಿಲ್ಲ, ಆದರೆ ಹುಳು ಓಡಾಡಿಕೊಂಡಿರುತ್ತದೆ.

ಮೊಟ್ಟೆ ಹೊಟ್ಟೆಯಲ್ಲೇ ಒಡೆದು ಮರಿಗಳು ತಾಯಿಯನ್ನು ತಿಂದರೆ ಅದಕ್ಕೆ ಬ್ಯಾಗಿಂಗ್ ಎನ್ನುತ್ತಾರೆ. ಇ1370 ತಡವಾಗಿಯೂ ಮರಿ ಹಾಕುವುದರಿಂದ ಎನ್2 ಮುಗಿಸಿದ ಎಷ್ಟೋ ದಿನಗಳ ಮೇಲೂ ಇದನ್ನು ಕಾಣಬಹುದು. ಇವು, ಗೋಡೆ ಹತ್ತಿ ಒಣಗಿದವು, ಕರುಳು ಹೊರಬಂದವು ಸಾವಿನ ಲೆಕ್ಕಕ್ಕೆ ಬರುವುದಿಲ್ಲ. ಅವನ್ನು ಸೆನ್ಸಾರ್ (ಎಣಿಕೆಯ ನಡುವೆ ಹೊರಬಿದ್ದವು) ಎಂದು ದಿನಾಂಕದೊಡನೆ ಬರೆಯಬೇಕು. ಪಟ್ಟಿಯಿಂದಲೇ ಅಳಿಸುವುದು ತಪ್ಪು, ಏಕೆಂದರೆ ಆ ದಿನದವರೆಗೆ ಅವು ಬದುಕಿದ್ದು ನಿಜ. ದಿನದಿನಕ್ಕೆ ಉಳಿದವರ ಪಾಲು ತೋರಿಸುವ ಕಪ್ಲಾನ್-ಮೇಯರ್ ರೇಖೆ, ಎರಡು ಗುಂಪಿನ ಆಯಸ್ಸು ಹೋಲಿಸುವ ಲಾಗ್-ರ‍್ಯಾಂಕ್ ಪರೀಕ್ಷೆ ಎರಡಕ್ಕೂ ಒಯಾಸಿಸ್ ಎಂಬ ಉಚಿತ ಆನ್‌ಲೈನ್ ತಂತ್ರಾಂಶ ಸಾಕು. ಪ್ಲೇಟುಗಳ ಮೇಲೆ ಸ್ಟ್ರೇನ್ ಹೆಸರಿನ ಬದಲು ಗುಪ್ತ ಸಂಖ್ಯೆ ಬರೆಸಿ. ಯಾವುದು ಡಾಫ್-2 ಎಂದು ಗೊತ್ತಿದ್ದ ಕೈ ಅದನ್ನು ಮತ್ತೊಮ್ಮೆ ತಟ್ಟಿ ನೋಡುತ್ತದೆ, ಎನ್2ಗೆ ಆ ಭಾಗ್ಯವಿಲ್ಲ. ಎಣಿಕೆಯ ಮೊದಲ ದಿನ ಯಾವುದು, ಮೊಟ್ಟೆಯೊಡೆದ ದಿನವೋ ವಯಸ್ಕವಾದ ದಿನವೋ, ಎಂಬುದನ್ನೂ ಬರೆದಿಡಿ. ಮೂರು ಅಮೆರಿಕನ್ ಲ್ಯಾಬುಗಳು ಒಂದೇ ಫಲಿತಾಂಶ ಪಡೆಯಲು ಕೂಡಿ ದುಡಿದಾಗ ಇಂಥ ಚಿಲ್ಲರೆ ವ್ಯತ್ಯಾಸಗಳೇ, ಹುಳುವನ್ನು ಎಷ್ಟು ಮೆದುವಾಗಿ ಎತ್ತುತ್ತಾರೆ ಎಂಬುದೂ ಸೇರಿ, ಅವರ ನಿದ್ದೆ ಕೆಡಿಸಿದ್ದವು.

ಎಲ್ಲ ಸರಿಯಿದ್ದರೆ 20 ಡಿಗ್ರಿಯಲ್ಲಿ ಎನ್2 ಸರಾಸರಿ ಮೂರು ವಾರದೊಳಗೆ ಮುಗಿಯುತ್ತದೆ, ಸಿಬಿ1370 ಆರು ವಾರದ ಆಸುಪಾಸು ಮುಟ್ಟುತ್ತದೆ. ಜೋಡಿ ಮ್ಯುಟೆಂಟ್ ಎನ್2 ಪಕ್ಕಕ್ಕೆ ಮರಳಬೇಕು, ಮರಳದಿದ್ದರೆ ಹೆಚ್ಚುವರಿ ಆಯಸ್ಸಿಗೆ ಕಾರಣ ಡಾಫ್-2 ಅಲ್ಲ, ಹಿನ್ನೆಲೆಯ ನೆಂಟರು ಯಾರೋ.

ಆರು ವಾರ ಕಾಯಲಾಗದ ಕಾಲೇಜು ತರಗತಿಗೆ ಟಿಜೆ356 ಹೇಳಿ ಮಾಡಿಸಿದ್ದು. ಇದರಲ್ಲಿ ಡಾಫ್-16 ಪ್ರೋಟೀನಿಗೆ ಹಸಿರು ಬೆಳಕು ಕಟ್ಟಿದೆ. ನೆಮ್ಮದಿಯ ಹುಳುವಿನಲ್ಲಿ ಹಸಿರು ಮೈತುಂಬ ಮಬ್ಬಾಗಿ ಹರಡಿರುತ್ತದೆ. 35 ಡಿಗ್ರಿಯಲ್ಲಿ ಅರ್ಧದಿಂದ ಒಂದು ಗಂಟೆ ಇಟ್ಟು ನೋಡಿದರೆ ಹಸಿರೆಲ್ಲ ನ್ಯೂಕ್ಲಿಯಸ್ಸುಗಳಿಗೆ ಸರಿದು, ಮೈಮೇಲೆ ಸಾಲು ದೀಪ ಹಚ್ಚಿದಂತೆ ಚುಕ್ಕಿಗಳು. ಹುಳು ಉರುಳುತ್ತ ಸುತ್ತುಹಾಕುವುದು ಕಾಯಿಲೆಯಲ್ಲ, ಗುರುತಿಗೆಂದು ಸೇರಿಸಿದ ರೋಲ್-6 ಜೀನಿನ ಕೆಲಸ. ಹುಳು ಅಲುಗದಂತೆ ಸ್ಲೈಡಿನ ಮೇಲೆ ಅಜೈಡ್ ಎಂಬ ರಾಸಾಯನಿಕ ಹಾಕಿ ಕಾಯುತ್ತ ಕೂತರೆ ಅದೇ ಆಘಾತವಾಗಿ ಎಲ್ಲ ಹುಳುಗಳಲ್ಲೂ ದೀಪ ಹತ್ತುತ್ತದೆ. ಆದ್ದರಿಂದ ಹಾಕಿದ ಕೆಲವೇ ನಿಮಿಷಗಳಲ್ಲಿ ಚಿತ್ರ ತೆಗೆದು ಮುಗಿಸಿ.

ಇದನ್ನು ತೋರಿಸಿ ಮನುಷ್ಯರಿಗೆ ಮಾತ್ರೆ ಮಾರುವವರ ಬಗ್ಗೆ ಒಂದೇ ಮಾತು. ವಯಸ್ಕ ಉಭಯಲಿಂಗಿ ಹುಳುವಿನ ದೇಹದಲ್ಲಿ, ಸಂತಾನದ ಕೋಶಗಳನ್ನು ಬಿಟ್ಟರೆ, 959 ಕೋಶಗಳು, ಅವು ಮತ್ತೆ ವಿಭಜನೆಯಾಗುವುದಿಲ್ಲ, ಕ್ಯಾನ್ಸರಿನ ಭಯ ಅದಕ್ಕಿಲ್ಲ, ನಮಗಿದೆ. ಹವಾಯಿಯ ಜಪಾನಿ ಮೂಲದ ಪುರುಷರಲ್ಲಿ ಫಾಕ್ಸೊ3 ಜೀನಿನ ಒಂದು ರೂಪಕ್ಕೂ ದೀರ್ಘಾಯುಷ್ಯಕ್ಕೂ ನಂಟು ಕಂಡದ್ದು 2008ರಲ್ಲಿ. ಅದು ನಂಟು, ಔಷಧವಲ್ಲ. ಕೆನ್ಯನ್ ಲ್ಯಾಬು 2009ರಲ್ಲಿ ಹುಳುಗಳಿಗೆ ಶೇ. 2 ಗ್ಲೂಕೋಸ್ ತಿನ್ನಿಸಿ ಆಯಸ್ಸು ಇಳಿಯುವುದನ್ನು ತೋರಿಸಿತು. ಆಕೆ ತಮ್ಮ ತಟ್ಟೆಯಲ್ಲೂ ಸಕ್ಕರೆ, ಪಿಷ್ಟ ಕಡಿಮೆ ಮಾಡಿದ್ದು ಅವರ ಆಯ್ಕೆ.

ಸಿಜಿಸಿಗೆ ಕೊಡಬೇಕಾದ ನಿಜವಾದ ಬೆಲೆ ಪ್ರಬಂಧದ ಕೊನೆಯ ಒಂದು ಸಾಲು: ಹುಳು ಎಲ್ಲಿಂದ ಬಂತು, ಅದನ್ನು ನಡೆಸುವ ಅಮೆರಿಕದ ಎನ್‌ಐಎಚ್ ಅನುದಾನದ ಸಂಖ್ಯೆ ಪಿ40 ಓಡಿ010440 ಎಂದು ಬರೆಯುವುದು. ಬಂದ ವಾರವೇ ಫ್ರೀಜ್ ಮಾಡಿ, ಎರಡನೇ ಸಲ ತರಿಸುವ ಪ್ರಮೇಯ ಬರಬಾರದು. ಆಗತಾನೆ ಹಸಿದ ಎಲ್1, ಅಂದರೆ ಮೊದಲ ಹಂತದ, ಮರಿಗಳೇ ಬೇಕು, ವಯಸ್ಕ ಹುಳುಗಳು ಬದುಕುವುದಿಲ್ಲ. ಎಸ್ ಬಫರ್ ಎಂಬ ಉಪ್ಪು-ಫಾಸ್ಫೇಟ್ ದ್ರಾವಣದಲ್ಲಿ ತೊಳೆದು ತೆಗೆದು, ಶೇ. 30 ಗ್ಲಿಸರಾಲ್ ಸೇರಿಸಿದ ಎಸ್ ಬಫರನ್ನು ಅಷ್ಟೇ ಪ್ರಮಾಣದಲ್ಲಿ ಬೆರೆಸಿ, ತಲಾ 1 ಮಿ.ಲೀ.ನಂತೆ ಆರು ವಯಲ್‌ಗಳಿಗೆ ಹಂಚಿ. ಮುಚ್ಚಳವಿರುವ ಥರ್ಮೋಕೋಲ್ ಪೆಟ್ಟಿಗೆಯಲ್ಲಿಟ್ಟು ಮೈನಸ್ 80ಕ್ಕೆ ಹಾಕಿ, ನಿಮಿಷಕ್ಕೆ ಸುಮಾರು ಒಂದು ಡಿಗ್ರಿಯಂತೆ ನಿಧಾನ ಇಳಿಯಲಿ. ಮಾರನೆಯ ದಿನ ಒಂದು ವಯಲ್ ಕರಗಿಸಿ ಪ್ಲೇಟಿಗೆ ಸುರಿಯಿರಿ, 15 ಡಿಗ್ರಿಯಲ್ಲಿಡಿ. ಮೂರರಲ್ಲೊಂದು ಮರಿ ಎದ್ದು ಹರಿದಾಡಿದರೂ ಸಾಕು, ಉಳಿದ ಐದನ್ನು ಲಿಕ್ವಿಡ್ ನೈಟ್ರೋಜನ್‌ಗೆ ಇಳಿಸಿ, ಆಮೇಲೆ ಮೂಲ ಪ್ಲೇಟನ್ನು ಎಸೆಯಬಹುದು.